ಆಸ್ಪತ್ರೆಯ ಅನ್ನ ತಿಂದ ಕೋಳಿಗಳು

ಕೋಳಿ ಯಾಕೆ ಕುಂಟುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದ ಡಚ್ ವೈದ್ಯರೊಬ್ಬರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಆ ವೈದ್ಯರ ಕಥೆಯನ್ನು ಸಾಮಾನ್ಯವಾಗಿ ಹೇಳುವ ಕ್ರಮ ಹೀಗೆ: ಜಾವಾ ದ್ವೀಪದ ಪ್ರಯೋಗಾಲಯವೊಂದರಲ್ಲಿ ಕೋಳಿಗಳು ಕುಂಟಿದವು, ಅಡುಗೆಯವನು ಬದಲಾದ, ಕೋಳಿಗಳು ಚೇತರಿಸಿಕೊಂಡವು, ವೈದ್ಯರ ಅದೃಷ್ಟ ಖುಲಾಯಿಸಿತು, ವಿಟಮಿನ್ ಕೈಗೆ ಸಿಕ್ಕಿತು. ಈ ಕಥೆಯಲ್ಲಿ ಅದೃಷ್ಟಕ್ಕೆ ಕೊಟ್ಟ ಪಾಲು ಹೆಚ್ಚಾಯಿತು ಎಂಬುದು ನನ್ನ ತಕರಾರು. ಕೋಳಿಯ ಕುಂಟಿಗೆ ಕಳೆದ ನೂರಮೂವತ್ತು ವರ್ಷಗಳಲ್ಲಿ ಸಿಕ್ಕ ದೊಡ್ಡ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಾಲನ್ನೇ ದಿಟ್ಟಿಸುತ್ತ ಕೂತವರಿಗೆ ಅವು ದಕ್ಕಲಿಲ್ಲ. ಆ ಕೋಳಿಯ ದಿನಚರಿಯಲ್ಲಿ ಏನು ಬದಲಾಯಿತು, ಎಂದಿನಿಂದ ಬದಲಾಯಿತು ಎಂದು ಕೇಳಿದವರಿಗೆ ದಕ್ಕಿದವು. ಜಾವಾದಲ್ಲಿ ನಡೆದದ್ದು ಅಂಥ ವಿಚಾರಣೆ. ಅದನ್ನು ಆಕಸ್ಮಿಕ ಎಂದು ಕರೆದುಬಿಟ್ಟರೆ ಆ ವಿಚಾರಣೆಯ ಕಸುಬೇ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ.

ಹಿನ್ನೆಲೆಯಲ್ಲಿದ್ದದ್ದು ಯುದ್ಧ. ಸುಮಾತ್ರಾದಲ್ಲಿರುವ ‘ಆಚೆ’ ಎಂಬ ಹೆಸರಿನ ಪ್ರಾಂತ್ಯವನ್ನು ಗೆಲ್ಲಲು ಡಚ್ಚರು 1873ರಲ್ಲಿ ಆರಂಭಿಸಿದ ಕಾಳಗ ದಶಕಗಳ ಕಾಲ ಎಳೆಯಿತು. ಅಲ್ಲಿ ಅವರ ಸೇನೆಯನ್ನು ಶತ್ರುವಿನ ಗುಂಡಿನಷ್ಟೇ ಬೆರಿಬೆರಿಯೂ ಕಾಡಿತು. ಆರೋಗ್ಯವಾಗಿದ್ದ ಸೈನಿಕನ ಕಾಲು ಜೋಮು ಹಿಡಿಯುತ್ತಿತ್ತು, ನಡಿಗೆ ತಪ್ಪುತ್ತಿತ್ತು, ಕೆಲವರಿಗೆ ಮೈ ಬಾತು ಹೃದಯವೇ ನಿಂತುಹೋಗುತ್ತಿತ್ತು. ಅದು ರೋಗಾಣುಗಳ ಯುಗ. ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ಮತ್ತು ಕಾಲರಾದ ಬ್ಯಾಕ್ಟೀರಿಯಾಗಳನ್ನು ತೋರಿಸಿದ್ದರು. ಬೆರಿಬೆರಿಗೂ ಒಂದು ಸೂಕ್ಷ್ಮಜೀವಿ ಇರಲೇಬೇಕೆಂದು ಡಚ್ ಸರ್ಕಾರ 1886ರಲ್ಲಿ ಪೆಕೆಲ್‌ಹರಿಂಗ್ ಮತ್ತು ವಿಂಕ್ಲರ್ ಎಂಬ ಇಬ್ಬರು ವಿದ್ವಾಂಸರನ್ನು ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಕ್ಕೆ, ಕಳಿಸಿತು. ಕಾಕ್ ಅವರಲ್ಲಿ ಕಲಿತಿದ್ದ ಐಕ್‌ಮನ್ ಈ ಇಬ್ಬರ ಸಹಾಯಕರಾಗಿ ಹೋದರು. ರೋಗಿಗಳ ರಕ್ತದಲ್ಲಿ ತಮಗೊಂದು ಬ್ಯಾಕ್ಟೀರಿಯಾ ಸಿಕ್ಕಿತೆಂದು ನಂಬಿ, ಬ್ಯಾರಕ್ಕುಗಳನ್ನು ಔಷಧ ಹಾಕಿ ಶುದ್ಧಮಾಡಿ ಎಂದು ಸಲಹೆ ಕೊಟ್ಟು ಹಿರಿಯರಿಬ್ಬರೂ ಮರುವರ್ಷ ಊರಿಗೆ ಮರಳಿದರು. ಸೇನಾ ಆಸ್ಪತ್ರೆಯ ಆವರಣದ ಸಣ್ಣ ಪ್ರಯೋಗಾಲಯ 1888ರಲ್ಲಿ ಐಕ್‌ಮನ್ ಕೈಗೆ ಬಂತು. ಆ ಬ್ಯಾಕ್ಟೀರಿಯಾವನ್ನು ಪ್ರಾಣಿಗಳಿಗೆ ಚುಚ್ಚಿ ರೋಗ ಬರಿಸಿ ತೋರಿಸುವುದು ಅವರ ಪಾಲಿನ ಕೆಲಸ. ಅಗ್ಗಕ್ಕೆ ಸಿಗುವ, ಬಹಳ ಸಂಖ್ಯೆಯಲ್ಲಿ ಬಹಳ ದಿನ ಸಾಕಬಹುದಾದ ಪ್ರಾಣಿಯೆಂದು ಅವರು ಕೋಳಿಯನ್ನು ಆರಿಸಿಕೊಂಡರು.

1889ರ ಜುಲೈ 10ರ ಹೊತ್ತಿಗೆ ಕೋಳಿಗಳ ನಡಿಗೆ ಕೆಟ್ಟಿತು. ಮೊದಲು ತುಸು ತಡವರಿಕೆ, ಕಂಬಿಯ ಮೇಲೆ ಕೂರಲು ಹೆಣಗಾಟ. ಆಮೇಲೆ ಮಂಡಿ ಮಡಚಿಕೊಂಡು ಕುಸಿಯುವುದು. ಕೊನೆಗೆ ಪಕ್ಕಕ್ಕೆ ಬಿದ್ದು ಮೇಲೇಳಲಾರದ ಸ್ಥಿತಿ. ಬಲಹೀನತೆ ಕಾಲಿನಿಂದ ರೆಕ್ಕೆಗೆ, ಕುತ್ತಿಗೆಗೆ ಏರುತ್ತಿತ್ತು, ಜುಟ್ಟು ನೀಲಿಗಟ್ಟುತ್ತಿತ್ತು. ಸತ್ತ ಕೋಳಿಗಳನ್ನು ಕೊಯ್ದು ನೋಡಿದಾಗ ಮೂಳೆ ಕೀಲುಗಳಲ್ಲಿ ತೊಂದರೆ ಇರಲಿಲ್ಲ. ಕಾಲಿಗೆ ಹೋಗುವ ನರಗಳು ಹಾಳಾಗಿದ್ದವು, ಬೆರಿಬೆರಿಯಿಂದ ಸತ್ತ ಮನುಷ್ಯರಲ್ಲಿ ಕಂಡಂತೆಯೇ. ಅಂತೂ ರೋಗ ಹತ್ತಿಸಿದ್ದಾಯಿತು ಎಂದು ಹಿಗ್ಗಲು ಐಕ್‌ಮನ್‌ಗೆ ಸಾಕಷ್ಟು ಕಾರಣವಿತ್ತು. ಆದರೆ ಬ್ಯಾಕ್ಟೀರಿಯಾ ಚುಚ್ಚದೆ ಹೋಲಿಕೆಗೆಂದು ಇಟ್ಟಿದ್ದ ಕೋಳಿಗಳೂ ಕುಂಟುತ್ತಿದ್ದವು. ಸೋಂಕು ಹರಡಿತೇನೋ ಎಂದು ಬೇರೆ ಜಾಗಕ್ಕೆ ಒಯ್ದರು. ಆ ಗೊಂದಲ ಬಗೆಹರಿಯುವ ಮೊದಲೇ ನವೆಂಬರ್ ಕೊನೆಯಲ್ಲಿ ರೋಗ ತಾನಾಗಿ ಮಾಯವಾಯಿತು. ಉಳಿದ ಕೋಳಿಗಳು ಚೇತರಿಸಿಕೊಂಡವು, ಹೊಸದಾಗಿ ಯಾವುದೂ ಮಲಗಲಿಲ್ಲ.

ಪ್ರಯೋಗ ಕೆಟ್ಟಿತೆಂದು ಕೈತೊಳೆದುಕೊಳ್ಳಬಹುದಾಗಿದ್ದ ಈ ಹಂತದಲ್ಲಿ ಐಕ್‌ಮನ್ ಕೋಳಿ ನೋಡಿಕೊಳ್ಳುತ್ತಿದ್ದ ನೌಕರನ ಕಡೆ ತಿರುಗಿದರು. ವಿಷಯ ಹೊರಬಂತು. ಖರ್ಚು ಉಳಿಸಲೆಂದು ಆತ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಅನ್ನ ತಂದು ಕೋಳಿಗಳಿಗೆ ಹಾಕುತ್ತಿದ್ದ. ಸೈನಿಕರಿಗೆ ಬೇಯಿಸಿದ, ಮಿಲ್ಲಿನಲ್ಲಿ ಪಾಲಿಶ್ ಮಾಡಿದ ಒಳ್ಳೆಯ ಬಿಳಿ ಅಕ್ಕಿಯ ಅನ್ನ ಅದು. ನಂತರ ಹೊಸ ಅಡುಗೆಯವನು ಬಂದ. ಸೇನೆಯ ಅಕ್ಕಿ ಸೇನೆಗೆ ಸೇರದ ಕೋಳಿಗಳಿಗೆ ಯಾಕೆ ಎಂದು ಆತ ಕೊಡಲು ಒಪ್ಪಲಿಲ್ಲ. (ಸರ್ಕಾರಿ ಕಚೇರಿಯ ಜಿಪುಣತನ ಲೋಕಕ್ಕೆ ಉಪಕಾರ ಮಾಡಿದ ಸಂದರ್ಭಗಳು ವಿರಳ, ಇದು ಅವುಗಳಲ್ಲಿ ಒಂದು.) ಕೋಳಿಗಳು ಮತ್ತೆ ತಮ್ಮ ಹಳೆಯ, ತೌಡು ಹೋಗದ ಅಗ್ಗದ ಅಕ್ಕಿಗೆ ಮರಳಿದವು. ಅನ್ನ ಹಾಕಲು ಶುರುವಾದದ್ದು ಜೂನ್ 17, ನಿಂತದ್ದು ನವೆಂಬರ್ 27. ರೋಗ ಕಾಣಿಸಿದ್ದು ಜುಲೈ 10, ಹೋದದ್ದು ನವೆಂಬರ್ ಕೊನೆಯ ದಿನಗಳಲ್ಲಿ.

ಇದರಲ್ಲಿ ಅದೃಷ್ಟ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಅಡುಗೆಯವನ ವರ್ಗಾವಣೆ ಖಂಡಿತ ಅದೃಷ್ಟ. ಆದರೆ ಕೋಳಿಯ ಮೇವು ಬದಲಾಗುವುದು ಲೋಕದಲ್ಲಿ ದಿನವೂ ನಡೆಯುವ ಸಂಗತಿ, ಮೇವಿನ ಬದಲಾವಣೆಯ ತಾರೀಖು ಬರೆದಿಡುವುದು ಹಾಗಲ್ಲ. ಐಕ್‌ಮನ್ ಬಳಿ ರೋಗದ ತಾರೀಖುಗಳಿದ್ದವು. ಮೇವಿನ ತಾರೀಖುಗಳನ್ನು ಕೇಳಿ ಪಡೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟರು. ಅನ್ನ ಶುರುವಾದ ಮರುದಿನ ಯಾವ ಕೋಳಿಯೂ ಕುಂಟಿರಲಿಲ್ಲ, ಇಪ್ಪತ್ಮೂರು ದಿನ ಬೇಕಾಯಿತು. ನಡುವಿನ ಈ ಅಂತರವೇ ನಂಟನ್ನು ಮರೆಮಾಚುವಂಥದ್ದು. ಮೂರು ವಾರದ ಹಿಂದೆ ಹಾಕಿದ ಮೇವನ್ನು ಇಂದಿನ ಕುಂಟಿಗೆ ಯಾರೂ ಸುಲಭದಲ್ಲಿ ಗಂಟುಹಾಕುವುದಿಲ್ಲ. ಇನ್ನೂ ದೊಡ್ಡ ಸಂಗತಿಯೆಂದರೆ, ತಾನು ಹುಡುಕಲೆಂದೇ ಬಂದಿದ್ದ ಬ್ಯಾಕ್ಟೀರಿಯಾವನ್ನು ಅವರು ಕೈಬಿಡಬೇಕಿತ್ತು. ಕಾಕ್ ಶಿಷ್ಯನೊಬ್ಬ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ಅಡುಗೆಮನೆಯ ಲೆಕ್ಕ ಕೇಳುವುದು ಆ ಕಾಲದಲ್ಲಿ ಗೌರವದ ಕೆಲಸವೇನೂ ಆಗಿರಲಿಲ್ಲ. ಆಹಾರದ ಮೇಲೆ ಸಂಶಯಪಟ್ಟ ಮೊದಲಿಗರು ಅವರಲ್ಲ ಎಂಬುದನ್ನೂ ಹೇಳಬೇಕು. ಜಪಾನಿನ ನೌಕಾದಳದ ವೈದ್ಯ ತಕಾಕಿ ಕನೆಹಿರೊ 1884ರ ಸುಮಾರಿಗೇ ನಾವಿಕರ ಊಟ ಬದಲಿಸಿ ಬೆರಿಬೆರಿಯನ್ನು ಹದ್ದುಬಸ್ತಿಗೆ ತಂದಿದ್ದರು. ಆದರೆ ಅವರು ಬದಲಿಸಿದ್ದು ಇಡೀ ಊಟವನ್ನು, ಆದ್ದರಿಂದ ಯಾವ ಪದಾರ್ಥ ಕೆಲಸ ಮಾಡಿತೆಂದು ತಿಳಿಯಲಿಲ್ಲ. ಕೊರತೆ ಪ್ರೋಟೀನಿನದು ಎಂದೇ ತಕಾಕಿ ತಿಳಿದರು. ಬಟಾವಿಯಾದ ಕೋಳಿಗಳ ತಟ್ಟೆಯಲ್ಲಿ ಬದಲಾದದ್ದು ಅಕ್ಕಿಯ ಮೇಲಿನ ತೆಳು ಪೊರೆ ಮಾತ್ರ.

ಆ ಪೊರೆ ಎಲ್ಲಿಗೆ ಹೋಗಿತ್ತು ಎಂದು ಕೇಳಿದರೆ ಒಂದು ಕಸುಬಿನ ಚರಿತ್ರೆ ತೆರೆದುಕೊಳ್ಳುತ್ತದೆ. ಒರಳಿನಲ್ಲಿ ಭತ್ತ ಹಾಕಿ ಒನಕೆಯಿಂದ ಕುಟ್ಟಿದಾಗ ಹೊಟ್ಟು ಹೋಗುತ್ತದೆ, ತೌಡು ಅಷ್ಟಿಷ್ಟು ಅಕ್ಕಿಗೆ ಅಂಟಿಕೊಂಡೇ ಇರುತ್ತದೆ. ಎಷ್ಟೇ ಗಟ್ಟಿ ತೋಳಿನವರಾದರೂ ಅದನ್ನು ಪೂರ್ತಿ ಬಿಡಿಸಲಾರರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಗ್ನೇಯ ಏಷ್ಯಾಕ್ಕೆ ಬಂದ ಉಗಿಯಂತ್ರದ ಮಿಲ್ಲುಗಳಿಗೆ ಅದು ನೀರು ಕುಡಿದಷ್ಟು ಸುಲಭವಾಯಿತು. ತೌಡಿನಲ್ಲಿ ಎಣ್ಣೆಯಂಶವಿರುವುದರಿಂದ ತೌಡುಳ್ಳ ಅಕ್ಕಿ ಬೇಗ ಕಮಟುತ್ತದೆ. ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿಸಿ ಉಗ್ರಾಣದಲ್ಲಿ ಪೇರಿಸಿಡುವ ಸೇನೆ, ಜೈಲು, ಗಣಿಗಳಂಥ ಸಂಸ್ಥೆಗಳಿಗೆ ಬಿಳಿ ಅಕ್ಕಿಯೇ ಅನುಕೂಲ. ನೋಡಲೂ ಚೆಂದ, ಮರ್ಯಾದೆಯೂ ಹೆಚ್ಚು. ಒಳ್ಳೆಯದನ್ನೇ ತಿನ್ನಿಸುತ್ತಿದ್ದೇವೆ ಎಂಬ ನಂಬಿಕೆಯಿಂದಲೇ ಆ ಸಂಸ್ಥೆಗಳು ತಮ್ಮವರ ಕಾಲು ಸೋಲಿಸಿದವು. ಐಕ್‌ಮನ್ ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಪರೀಕ್ಷೆ ನಡೆಸಿದರು. ಅಕ್ಕಿ ಹಳತಾಗಿ ಕೆಟ್ಟಿತ್ತೇ? ಆಗತಾನೇ ಪಾಲಿಶ್ ಮಾಡಿದ ಅಕ್ಕಿಯೂ ಕೋಳಿಗಳನ್ನು ಮಲಗಿಸಿತು. ತೌಡು ಬೆರೆಸಿ ಕೊಟ್ಟರೆ ಅವು ಎದ್ದವು.

ಇಷ್ಟೆಲ್ಲ ಆದಮೇಲೂ ಐಕ್‌ಮನ್ ಕೊಟ್ಟ ವಿವರಣೆ ತಪ್ಪಾಗಿತ್ತು. ಅಕ್ಕಿಯ ಪಿಷ್ಟದಿಂದ ಒಂದು ವಿಷ ಹುಟ್ಟುತ್ತದೆ, ತೌಡಿನಲ್ಲಿ ಅದಕ್ಕೆ ಮದ್ದಿದೆ ಎಂದು ಅವರು ವಾದಿಸಿದರು. ನನ್ನ ವಾದಕ್ಕೆ ಇದು ಸಣ್ಣ ಅಡ್ಡಿಯಲ್ಲ. ಸಂದರ್ಭ ಮತ್ತು ತಾರೀಖುಗಳನ್ನು ಹಿಡಿದು ಹೋದವರು ಕಾರಣದ ಹೊಸ್ತಿಲವರೆಗೆ ಹೋಗಬಹುದು, ಒಳಗೆ ಹೋಗಲಾರರು ಎಂದು ಯಾರಾದರೂ ಹೇಳಿದರೆ ಅದರಲ್ಲಿ ನಿಜವಿದೆ. ಆದರೆ ಒಳಗೆ ಹೋದವರು ಯಾರು ಎಂಬುದನ್ನೂ ನೋಡಬೇಕು. ಅನಾರೋಗ್ಯದಿಂದ ಐಕ್‌ಮನ್ 1896ರಲ್ಲಿ ಹಾಲೆಂಡಿಗೆ ಮರಳಿದಾಗ ಕೆಲಸ ಮುಂದುವರಿಸಿದವರು ಗೆರಿಟ್ ಗ್ರೈನ್ಸ್. ವಿಷದ ಊಹೆ ಬೇಕಿಲ್ಲ, ಆಹಾರದಲ್ಲಿ ಇರಲೇಬೇಕಾದ, ಇಲ್ಲದಿದ್ದರೆ ನರಗಳು ಸೊರಗುವ ಯಾವುದೋ ಅಂಶ ಕಾಣೆಯಾಗಿದೆ ಎಂದು 1901ರಲ್ಲಿ ಅವರು ಹೇಳಿದರು. ಅವರಿಗೆ ನೆರವಾದದ್ದು ಕೂಡ ಇನ್ನೊಂದು ಮೇವು: ಜಾವಾದ ಮನೆಮನೆಯ ಅಡುಗೆಯಲ್ಲಿದ್ದ, ನಮ್ಮ ಕೋಸಂಬರಿಗೂ ಬೀಳುವ ಹೆಸರುಕಾಳು. ತೌಡಿನ ಸುಳಿವಿಲ್ಲದ ಈ ಕಾಳು ಕೂಡ ಬಿಳಿ ಅಕ್ಕಿ ತಿನ್ನುವ ಕೋಳಿಗಳನ್ನು ಕಾಪಾಡಿತು. ಅಕ್ಕಿಯ ವಿಷಕ್ಕೆ ಅಕ್ಕಿಯ ತೌಡೇ ಮದ್ದು ಎಂಬ ಹೊಂದಾಣಿಕೆ ಅಲ್ಲಿಗೆ ಸಡಿಲಾಯಿತು. ಆ ಅಂಶವನ್ನು, ಅಂದರೆ ಇಂದಿನ ಬಿ1 ವಿಟಮಿನ್ ಅಥವಾ ಥಯಮಿನ್ ಅನ್ನು, ಯಾನ್ಸೆನ್ ಮತ್ತು ಡೊನಾತ್ 1926ರಲ್ಲಿ ಅದೇ ಬಟಾವಿಯಾದಲ್ಲಿ ತೌಡಿನಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದರು. ರಾಬರ್ಟ್ ವಿಲಿಯಮ್ಸ್ 1936ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಬಹುಮಾನದಲ್ಲಿ ಗ್ರೈನ್ಸ್‌ಗೆ ಪಾಲು ಸಿಗಲಿಲ್ಲ, ನನಗೆ ಅದು ಅನ್ಯಾಯವಾಗಿಯೇ ಕಾಣುತ್ತದೆ.

ಕೋಳಿ ಮನುಷ್ಯನಲ್ಲವಲ್ಲ ಎಂಬ ಆಕ್ಷೇಪ ಅಂದೇ ಎದ್ದಿತ್ತು, ಅದು ನ್ಯಾಯವಾದ ಆಕ್ಷೇಪ. ಕೋಳಿಯ ಕುಂಟು ಅಕ್ಕಿಯಿಂದ ಬಂದರೆ ಸೈನಿಕನದೂ ಅಲ್ಲಿಂದಲೇ ಬಂತೆಂದು ಹೇಗೆ ಹೇಳುವುದು? ಜಾವಾದ ಆರೋಗ್ಯಾಧಿಕಾರಿ ಅಡಾಲ್ಫ್ ಫೋರ್ಡರ್‌ಮನ್ ಇದಕ್ಕೆ ಉತ್ತರವನ್ನು ಜೈಲುಗಳಲ್ಲಿ ಹುಡುಕಿದರು. ಆಯಾ ಸೀಮೆಯ ರೂಢಿಗೆ ತಕ್ಕಂತೆ ಕೆಲವು ಜೈಲುಗಳಲ್ಲಿ ಪಾಲಿಶ್ ಅಕ್ಕಿ, ಕೆಲವಲ್ಲಿ ತೌಡುಳ್ಳ ಅಕ್ಕಿ ಬೇಯುತ್ತಿತ್ತು. ಸುಮಾರು ನೂರು ಜೈಲುಗಳ, ಸುಮಾರು 2,80,000 ಕೈದಿಗಳ ಲೆಕ್ಕವನ್ನು ಅವರು ಒಟ್ಟುಮಾಡಿ 1897ರಲ್ಲಿ ಪ್ರಕಟಿಸಿದರು. ಬಿಳಿ ಅಕ್ಕಿ ತಿಂದವರಲ್ಲಿ 39 ಜನರಿಗೆ ಒಬ್ಬರಂತೆ ಬೆರಿಬೆರಿ, ತೌಡುಳ್ಳ ಅಕ್ಕಿ ತಿಂದವರಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು. ಕಟ್ಟಡ ಹಳತೋ ಹೊಸತೋ, ನೆಲ ಎಂಥದು, ಗಾಳಿ ಆಡುತ್ತದೆಯೇ, ಎಷ್ಟು ಜನರನ್ನು ತುಂಬಿದ್ದಾರೆ ಎಂಬುದನ್ನೂ ಅವರು ಬರೆದುಕೊಂಡಿದ್ದರು. ಅವುಗಳಿಗೂ ರೋಗಕ್ಕೂ ನಂಟು ಕಾಣಲಿಲ್ಲ. ಅನುಮಾನ ಅಲ್ಲಿಗೂ ನಿಲ್ಲಲಿಲ್ಲ. ಮಲಯದಲ್ಲಿ ಫ್ರೇಸರ್ ಮತ್ತು ಸ್ಟ್ಯಾಂಟನ್ 1907ರಿಂದ ಸುಮಾರು 300 ಜಾವಾ ಕೂಲಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಿಳಿ ಅಕ್ಕಿ, ಇನ್ನೊಂದಕ್ಕೆ ಭತ್ತ ಬೇಯಿಸಿ ಮಾಡಿದ ಅಕ್ಕಿ ಕೊಟ್ಟು, ಆಮೇಲೆ ಅದಲು ಬದಲು ಮಾಡಿ ನೋಡಿದರು. ರೋಗ ಬಿಳಿ ಅಕ್ಕಿಯ ಬೆನ್ನು ಬಿಡಲಿಲ್ಲ. ಮನುಷ್ಯರನ್ನು ಹೀಗೆ ಪ್ರಯೋಗಕ್ಕೆ ಒಡ್ಡುವುದು ಇಂದು ಯಾರೂ ಒಪ್ಪುವ ಮಾತಲ್ಲ. ಆದರೆ ಕೋಳಿಗೂ ಮನುಷ್ಯನಿಗೂ ನಡುವೆ ಇದ್ದ ಕಂದರವನ್ನು ಮುಚ್ಚಿದ್ದು ಈ ಸಾಕ್ಷ್ಯವೇ.

ಭತ್ತ ಬೇಯಿಸಿದ ಅಕ್ಕಿ ಅಂದಾಗ ಕರಾವಳಿಯವರಿಗೆ ಮಾತು ತಮ್ಮ ಮನೆಗೆ ಬಂತು ಅನ್ನಿಸಬೇಕು. ಮಲಯದ ವೈದ್ಯ ಬ್ರ್ಯಾಡನ್ 1907ರ ತಮ್ಮ ಪುಸ್ತಕದಲ್ಲಿ ತೋರಿಸಿದ ಪ್ರಕಾರ, ಒಂದೇ ನಾಡಿನಲ್ಲಿ ದುಡಿಯುತ್ತಿದ್ದರೂ ಬಿಳಿ ಅಕ್ಕಿ ತಿನ್ನುವ ಚೀನೀ ಕಾರ್ಮಿಕರನ್ನು ಬೆರಿಬೆರಿ ಹಿಡಿಯುತ್ತಿತ್ತು. ಊರಿನ ರೂಢಿಯಂತೆ ಕುಚ್ಚಲಕ್ಕಿ ತಿನ್ನುವ ತಮಿಳು ಕೂಲಿಗಳನ್ನು ಹೆಚ್ಚೂಕಡಿಮೆ ಮುಟ್ಟುತ್ತಿರಲಿಲ್ಲ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸುವಾಗ ತೌಡಿನಲ್ಲಿರುವ ಥಯಮಿನ್ ನೀರಿನೊಡನೆ ಅಕ್ಕಿಯ ಒಳಕ್ಕೆ ಇಳಿಯುತ್ತದೆ. ಮೇಲಿನ ಪೊರೆ ಆಮೇಲೆ ಹೋದರೂ ನಷ್ಟ ಅಷ್ಟಾಗಿ ಆಗುವುದಿಲ್ಲ. ಮಂಗಳೂರು ಉಡುಪಿಗಳ ಗಂಜಿಯ ಅಕ್ಕಿ ಅಂಥದ್ದು. ಮೈಸೂರು ಸೀಮೆಯ ಬಡವರನ್ನು ರಾಗಿ ಕಾಪಾಡಿತು, ರಾಗಿಯನ್ನು ತೌಡು ಸಮೇತ ಬೀಸುವುದೇ ವಾಡಿಕೆ. ಭಾರತದಲ್ಲಿ ಬೆರಿಬೆರಿ ನೆಲೆಯೂರಿದ್ದು ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ ಹೆಚ್ಚಾಗಿ ಬಳಕೆಯಲ್ಲಿದ್ದ ಆಂಧ್ರದ ಕರಾವಳಿಯಲ್ಲಿ. ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಪಾರಿವಾಳಗಳ ಮೇಲೆ ನಡೆಸಿದ ಅಧ್ಯಯನಗಳು ಇದೇ ಜಾಡಿನವು. ಕುಚ್ಚಲಕ್ಕಿ ಮಾಡಿದ ನಮ್ಮ ಹಿರಿಯರಿಗೆ ವಿಟಮಿನ್ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳಲು ಇಲ್ಲಿ ಏನೂ ಇಲ್ಲ. ಬೇಯಿಸಿದ ಭತ್ತದ ಅಕ್ಕಿ ಕುಟ್ಟುವಾಗ ನುಚ್ಚಾಗುವುದು ಕಡಿಮೆ, ಹುಳವೂ ಬೇಗ ಹಿಡಿಯದು; ಆ ಲಾಭಗಳೇ ರೂಢಿಯನ್ನು ಉಳಿಸಲು ಸಾಕಾಗಿದ್ದವು.

ಬಟಾವಿಯಾ ಒಂದು ಅಪವಾದ, ಒಂದು ಉದಾಹರಣೆಯಿಂದ ನಿಯಮ ಕಟ್ಟಬಾರದು ಎನ್ನುವವರಿಗೆ ಅಮೆರಿಕದ ಕೋಳಿಸಾಕಣೆಯನ್ನು ತೋರಿಸಬೇಕು. ಅಲ್ಲಿ 1920ರ ಹೊತ್ತಿಗೆ ಚಳಿಗಾಲದಲ್ಲೂ ಮರಿ ಮಾಡಿಸಿ ಒಳಗೇ ಬೆಳೆಸುವ ಆಸೆ ಹುಟ್ಟಿತ್ತು. ಆದರೆ ಕೆಲವೇ ವಾರಗಳಲ್ಲಿ ಮರಿಗಳ ಕಾಲು ಸೊಟ್ಟಗಾಗಿ ನಡೆಯಲಾರದೆ ಕೂರುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹಾರ್ಟ್, ಹಾಲ್ಪಿನ್, ಸ್ಟೀನ್‌ಬಾಕ್ ಈ ಕಾಲುಸೋಲಿನ ಬೆನ್ನು ಹತ್ತಿ 1920ರಿಂದ ವರದಿಗಳನ್ನು ಪ್ರಕಟಿಸಿದರು. ಮೀನೆಣ್ಣೆ ಕೊಟ್ಟರೆ ಮರಿಗಳು ಸರಿಹೋಗುತ್ತಿದ್ದವು, ಬಿಸಿಲಿಗೆ ಬಿಟ್ಟರೂ ಸರಿಹೋಗುತ್ತಿದ್ದವು. ಕಿಟಕಿಯ ಗಾಜಿನಿಂದ ಬರುವ ಬಿಸಿಲು ಮಾತ್ರ ಉಪಯೋಗಕ್ಕೆ ಬರುತ್ತಿರಲಿಲ್ಲ, ಡಿ ವಿಟಮಿನ್ ಹುಟ್ಟಿಸುವ ಕಿರಣಗಳನ್ನು ಗಾಜು ತಡೆಯುತ್ತದೆ. ಬೆಚ್ಚಗಿರಲೆಂದು ಕೂಡಿಟ್ಟದ್ದೇ ಕುಂಟಿಗೆ ಕಾರಣವಾಗಿತ್ತು. ಡೆಲವೇರ್‌ನ ಸಿಸಿಲ್ ಸ್ಟೀಲ್ ಎಂಬ ಗೃಹಿಣಿಗೆ 1923ರಲ್ಲಿ ಐವತ್ತರ ಬದಲು ಐನೂರು ಮರಿ ಬಂದು, ಆಕೆ ಅವನ್ನು ಮಾಂಸಕ್ಕಾಗಿ ಬೆಳೆಸಿ ಮಾರಿದ್ದರಿಂದ ಬ್ರಾಯ್ಲರ್ ಉದ್ಯಮ ಹುಟ್ಟಿತೆಂದು ಹೇಳುವುದುಂಟು. ಡಿ ವಿಟಮಿನ್ ಸಿಗದಿದ್ದರೆ ಆ ಉದ್ಯಮ ಶೆಡ್ಡಿನೊಳಗೆ ವರ್ಷಪೂರ್ತಿ ನಡೆಯುತ್ತಿರಲಿಲ್ಲ. ಮುಂದಿನ ದಶಕದಲ್ಲಿ ಇನ್ನೊಂದು ಕುಂಟು ಬಂತು: ಹಿಮ್ಮಡಿಯ ಕೀಲು ದಪ್ಪಗಾಗಿ ಸ್ನಾಯುರಜ್ಜು ಪಕ್ಕಕ್ಕೆ ಜಾರುವುದು. ಮೂಳೆ ಸೊರಗಿದೆ ಎಂದು ಸಾಕುವವರು ಮೇವಿಗೆ ಮೂಳೆಹಿಟ್ಟು ಹೆಚ್ಚಿಸಿದರು, ಕುಂಟು ಹೆಚ್ಚಾಯಿತು. ಕೊರತೆಯಿದ್ದದ್ದು ಮ್ಯಾಂಗನೀಸಿನದು, ಮೂಳೆಹಿಟ್ಟು ಅದು ಮೈಗೆ ಹತ್ತದಂತೆ ತಡೆಯುತ್ತಿತ್ತು ಎಂದು 1936ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ತೋರಿಸಿದರು. ಕಾಲನ್ನು ಮಾತ್ರ ನೋಡಿ ಮದ್ದು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತೋಚುವುದಿಲ್ಲ.

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಬುಡಾಪೆಸ್ಟಿನದು. ಯೋಜೆಫ್ ಮಾರೆಕ್ ಎಂಬ ಪಶುವೈದ್ಯ 1907ರಲ್ಲಿ ಕಾಲು ರೆಕ್ಕೆ ಸೋತ ನಾಲ್ಕು ಹುಂಜಗಳನ್ನು ವರ್ಣಿಸಿದರು. ಬಟಾವಿಯಾದ ಕೋಳಿಗಳಂತೆಯೇ ಇವಕ್ಕೂ ನರಗಳ ರೋಗ. ಆದರೆ ಇಲ್ಲಿ ನರಗಳು ಸೊರಗಿರಲಿಲ್ಲ, ಜೀವಕೋಶಗಳು ತುಂಬಿಕೊಂಡು ದಪ್ಪಗಾಗಿದ್ದವು. ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಬೀಳುವ ಈ ಕೋಳಿಗೆ ಎಷ್ಟು ತೌಡು ತಿನ್ನಿಸಿದರೂ ಪ್ರಯೋಜನವಿಲ್ಲ. ಇದರ ಮೂಲ ಒಂದು ಹರ್ಪಿಸ್ ವೈರಸ್ ಎಂದು 1967ರಲ್ಲಿ ಇಂಗ್ಲೆಂಡಿನ ಚರ್ಚಿಲ್ ಮತ್ತು ಬಿಗ್ಸ್ ಗುರುತಿಸಿದರು. 1970ರ ಹೊತ್ತಿಗೆ ಟರ್ಕಿಕೋಳಿಯ ಸೌಮ್ಯ ವೈರಸ್‌ನಿಂದ ಲಸಿಕೆ ತಯಾರಾಯಿತು. ಅಡುಗೆಮನೆಯ ವಿಚಾರಣೆ ಇಲ್ಲಿ ಕೈಕೊಟ್ಟಿತು, ಗೆದ್ದದ್ದು ಸೂಕ್ಷ್ಮದರ್ಶಕವೇ. ಇದನ್ನು ಒಪ್ಪಿಕೊಳ್ಳದೆ ದಾರಿಯಿಲ್ಲ. ಬಟಾವಿಯಾದಲ್ಲಿ ಐಕ್‌ಮನ್ ಹುಡುಕಿದ ರೋಗಾಣು ಇರಲಿಲ್ಲವಷ್ಟೆ, ಕೋಳಿಗೆ ರೋಗಾಣುವೇ ಇಲ್ಲವೆಂದಲ್ಲ. ನಾವು ಕೊಕ್ಕರೆ ರೋಗವೆನ್ನುವ, ಭಾರತದಲ್ಲಿ ರಾಣಿಖೇತ್ ಹೆಸರು ಪಡೆದ ರೋಗವನ್ನು 1926ರಲ್ಲಿ ವರ್ಣಿಸಿದ್ದು ಜಾವಾದಲ್ಲೇ. ಥಯಮಿನ್ ಹರಳು ಸಿಕ್ಕ ವರ್ಷವೇ ಅದು. ಆ ರೋಗದಲ್ಲೂ ಕಾಲು ಬೀಳುತ್ತದೆ, ಅದಕ್ಕೂ ಕಾರಣ ವೈರಸ್.

ಆದರೂ ಮಾರೆಕ್ ರೋಗದ ಮುಂದಿನ ಚರಿತ್ರೆಯನ್ನು ಓದಿದರೆ ಸುತ್ತಲಿನ ಪ್ರಶ್ನೆ ಹಿಂಬಾಗಿಲಿನಿಂದ ಮತ್ತೆ ಒಳಬರುತ್ತದೆ. 1907ರಲ್ಲಿ ಅದು ಅಲ್ಲೊಂದು ಇಲ್ಲೊಂದು ಹುಂಜವನ್ನು ಕುಂಟಿಸುವ ರೋಗವಾಗಿತ್ತು. ಸಾವಿರಾರು ಕೋಳಿಗಳನ್ನು ಒಂದೇ ಸೂರಿನಡಿ ತುಂಬುವ ಪದ್ಧತಿ ಬಂದಮೇಲೆ, ಶತಮಾನದ ನಡುವಿನಲ್ಲಿ ಅದೇ ರೋಗ ಒಳಾಂಗಗಳಲ್ಲಿ ಗಡ್ಡೆ ಬೆಳೆಸಿ ಗುಂಪುಗುಂಪಾಗಿ ಕೊಲ್ಲತೊಡಗಿತು. ರೆಕ್ಕೆಪುಕ್ಕದ ಬುಡದಿಂದ ಉದುರುವ ಹೊಟ್ಟಿನಲ್ಲಿ ಹರಡುವ ವೈರಸ್‌ಗೆ ಅಂಥ ಶೆಡ್ಡು ಹೇಳಿಮಾಡಿಸಿದ ಜಾಗ. ಲಸಿಕೆ ಗಡ್ಡೆಯನ್ನು, ಸಾವನ್ನು ತಡೆಯಿತು. ಸೋಂಕನ್ನಾಗಲಿ ಹರಡುವಿಕೆಯನ್ನಾಗಲಿ ಪೂರ್ತಿ ತಡೆಯಲಿಲ್ಲ. ಆ್ಯಂಡ್ರ್ಯೂ ರೀಡ್ ಮತ್ತು ಸಂಗಡಿಗರು 2015ರಲ್ಲಿ ಪ್ರಯೋಗದಿಂದ ತೋರಿಸಿದ್ದು ಇದನ್ನೇ: ಲಸಿಕೆಯಿಲ್ಲದ ಕೋಳಿಯನ್ನು ಬೇಗ ಕೊಂದು ತಾನೂ ಮುಗಿದುಹೋಗಬೇಕಿದ್ದ ಉಗ್ರ ತಳಿಗಳು, ಲಸಿಕೆ ಪಡೆದು ಬದುಕಿ ಉಳಿಯುವ ಕೋಳಿಯ ಮೈಯಿಂದ ವಾರಗಟ್ಟಲೆ ಹೊರಬೀಳುತ್ತ ಹರಡಬಲ್ಲವು. ಫಾರಂನಿಂದ ತಂದ ಲಸಿಕೆಯ ಕೋಳಿ ಕುಂಟದೆ ಓಡಾಡಿಕೊಂಡಿರಬಹುದು, ಅದರ ಜೊತೆ ಕೆದಕುವ, ಲಸಿಕೆ ಕಾಣದ ನಾಟಿ ಮರಿ ಕೆಲವು ವಾರಗಳ ನಂತರ ಕಾಲು ಚಾಚಬಹುದು. ಕುಂಟುವ ಮರಿಯನ್ನು ಎಷ್ಟು ತಿರುಗಿಸಿ ನೋಡಿದರೂ ಆ ನಂಟು ಕಾಣುವುದಿಲ್ಲ. ಅದನ್ನು ಪರೀಕ್ಷಿಸುವ ಪಶುವೈದ್ಯರು ಮರಿಯ ವಯಸ್ಸು ಎಷ್ಟು, ಲಸಿಕೆ ಆಗಿದೆಯೇ, ಮೇವು ಯಾವಾಗ ಬದಲಿಸಿದಿರಿ, ಹೊಸ ಕೋಳಿ ಎಂದು ತಂದಿರಿ ಎಂದು ಮೊದಲು ಕೇಳಿ, ಆಮೇಲಷ್ಟೇ ಕಾಲು ಹಿಡಿಯಬೇಕಾಗುತ್ತದೆ.